ಆರತಿಯ ಕೆಂಪು ನೀರು

ದೇವದುರ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ವಿಜ್ಞಾನದ ಟೀಚರೊಬ್ಬರಿದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಒಂದು ಕಡೆ ಕೂತವರಲ್ಲ. ಸೆರಗಿನ ತುದಿ ತಿರುವುತ್ತಾ ಅಂಗಳ ಸುತ್ತುತ್ತಾ, "ಸುಮ್ನ ನೋಡಬ್ಯಾಡ್ರಿ, ಯಾಕಂತ ಕೇಳ್ರಿ" ಎಂದು ಮಕ್ಕಳನ್ನು ಕೆಣಕುತ್ತಿದ್ದರು.

ಒಂದು ದೀಪಾವಳಿ ರಜೆಯಲ್ಲಿ ಅವರು ನಮ್ಮ ಮನೆಗೇ ಬಂದು ಬಟ್ಟಲಲ್ಲಿ ಅರಿಶಿಣದ ನೀರು ಮಾಡಿ ಅದಕ್ಕೆ ಸುಣ್ಣ ಹಾಕಿದರು. ಹಳದಿ ನೀರು ಕೆಂಪಾಯಿತು. ಅಷ್ಟರಲ್ಲಿ ಅಜ್ಜಿ ಬಂದಳು.

"ಯವ್ವಾ, ಅದು ಆರತಿ ನೀರು. ನೀ ಮುಟ್ಟಬಾರದು."

ಟೀಚರು ಬಟ್ಟಲು ಬಿಡಲಿಲ್ಲ.

"ಆರತಿ ಮಾಡಾಕತ್ತಿಲ್ರೀ, ಪಾಠ ಹೇಳಾಕತ್ತೀನಿ" ಎಂದವರು ನಿಂಬೆಹಣ್ಣು ಹಿಂಡಿದರು. ಕೆಂಪು ನೀರು ಮತ್ತೆ ಹಳದಿಯಾಯಿತು.

ಅಜ್ಜಿ ಬಟ್ಟಲಿಗೆ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಅವರ ಕೈಗೆ ಕೊಟ್ಟಳು.

"ಆರತಿಗೆ ಹೊತ್ತಾತು. ನೀನ ಕೆಂಪ ಮಾಡವ್ವಾ."