ನಡುಮನೆಯ ರಾಜಕುಮಾರರು

ಇವತ್ತು ಮಾಡಿದ್ದು: ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟದ್ದು, ಕಾಯಿ ತುರಿದದ್ದು, ಸೋಫಾದ ಕವರು ಬದಲಿಸಿದ್ದು, ಗಂಡನ ಅಂಗಿಗೆ ಗುಂಡಿ ಹೊಲಿದದ್ದು, ಕೇಸರಿಬಾತಿಗೆ ರವೆ ಹುರಿದದ್ದು, ರಾಜಕುಮಾರರ ಮುಖ ಒರೆಸಿದ್ದು.

ಈ ರಾಜಕುಮಾರರು ಅರಸೀಕೆರೆಯ ನಮ್ಮ ನಡುಮನೆಯ ಗೋಡೆಯಲ್ಲಿ, ಅಂಗೈಯಗಲದ ಚೌಕಟ್ಟಿನೊಳಗೆ ನಿಂತಿರುವ ಅಣ್ಣ ತಮ್ಮ. ತಲೆಗೆ ಜರಿಪೇಟ, ಮಂಡಿಯವರೆಗೆ ಇಳಿದ ಮುತ್ತಿನ ಸರ. ದೊಡ್ಡವನು ಗತ್ತಿನಿಂದ ಕತ್ತಿ ಹಿಡಿದಿದ್ದಾನೆ. ಚಿಕ್ಕವನದು ಮೂತ್ರಕ್ಕೆ ಅವಸರವಾದಂಥ ಮುಖ. ಕೈಯಲ್ಲಿ ಬರೆದದ್ದೋ ಅಚ್ಚು ಹಾಕಿದ್ದೋ, ಅಂಥ ವಿಚಾರವನ್ನು ನಮ್ಮ ಮನೆಯಲ್ಲಿ ಯಾರೂ ಮಾಡಿಲ್ಲ. ಅತ್ತೆಯ ಪ್ರಕಾರ ಇವರು ನಮ್ಮ ವಂಶದ ಹಿರಿಯರು. ಯಾವ ರಾಜ್ಯ ಎಂದು ಕೇಳಿದರೆ ಮಾತ್ರ ಅವರಿಗೆ ಕಿವಿ ಕೇಳಿಸುವುದಿಲ್ಲ.

ಮಗಳನ್ನು ನೋಡಲು ಹಗರೆಯಿಂದ ಗಂಡಿನ ಕಡೆಯವರು ಬಂದಿದ್ದರು. ನೋಡುವುದು ಹೆಸರಿಗಷ್ಟೆ. ಅವಳು ಹಳೇಬೀಡಿನಲ್ಲಿ ಟೀಚರು, ಹುಡುಗ ಅದೇ ಊರಿನ ಬ್ಯಾಂಕಿನಲ್ಲಿದ್ದಾನೆ; ಇಬ್ಬರೂ ಒಪ್ಪಿ ಎಷ್ಟೋ ದಿನವಾಗಿದೆ. ಆದರೆ ಅವನ ದೊಡ್ಡಪ್ಪ ಹೂಂ ಅನ್ನದೆ ಆ ಮನೆಯಲ್ಲಿ ಹುಲ್ಲುಕಡ್ಡಿ ಅಲ್ಲಾಡುವುದಿಲ್ಲ ಎಂದು ಮಗಳು ಮೊದಲೇ ಹೆದರಿಸಿದ್ದಳು.

ಆ ದೊಡ್ಡಪ್ಪ ಕೇಸರಿಬಾತಿನ ತಟ್ಟೆ ಹಿಡಿದುಕೊಂಡೇ ಗೋಡೆಯ ಹತ್ತಿರ ಹೋಗಿ ಕನ್ನಡಕ ಏರಿಸಿದರು. ಅತ್ತೆ ಇದಕ್ಕೇ ಕಾದಿದ್ದವರಂತೆ ವಂಶದ ಕಥೆ ಶುರು ಮಾಡಿದರು. ಅರ್ಧಕ್ಕೇ ದೊಡ್ಡಪ್ಪ ತಡೆದು, ಇವರು ನಮ್ಮ ಮನೆಯ ಹಿರಿಯರು, ನಿಮ್ಮ ಗೋಡೆಗೆ ಹೇಗೆ ಬಂದರು ಎಂದರು. ಫೋನಿನಲ್ಲಿ ತಮ್ಮ ಮನೆಯ ಪಟ ತೋರಿಸಿದರು. ಅದೇ ಪೇಟ, ಅದೇ ಕತ್ತಿ, ಅದೇ ಅವಸರ.

ನನಗೆ ನಗು ಬಂತು. ದೊಡ್ಡಪ್ಪ ತಟ್ಟೆ ಕೆಳಗಿಟ್ಟರು.

“ಇಬ್ರಿಗೂ ಇವ್ರೇ ಹಿರಿಯರು ಅಂದ್ರೆ ನಾವೂ ನೀವೂ ಅಣ್ತಮ್ಮಂದ್ರು ಆಗ್ತೀವಲ್ಲ ತಾಯಿ. ಹುಡುಗ ಹುಡುಗಿ ಅಣ್ಣ ತಂಗಿ ಆದ್ರು. ಹೆಣ್ಣು ತರೋದು ಎಂಗೆ?”

ಒಂದೇ ವಂಶದವರು ನಮ್ಮಲ್ಲಿ ಬೀಗರಾಗುವಂತಿಲ್ಲ. ನನ್ನ ಗಂಡ ಬುದ್ಧಿ ಓಡಿಸಿ, ದೊಡ್ಡವನನ್ನು ನೀವಿಟ್ಟುಕೊಳ್ಳಿ, ಚಿಕ್ಕವನು ನಮಗಿರಲಿ ಎಂದರು. ಹಾಗೆ ಮಾಡಿದರೂ ದಾಯಾದಿಗಳೇ ಎಂದು ದೊಡ್ಡಪ್ಪ ಬೆರಳು ಮಡಿಸಿ ವಿವರಿಸಿದರು. ಹುಡುಗ ನೆಲ ನೋಡುತ್ತಿದ್ದ. ಕಾಫಿ ಟ್ರೇ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಮಗಳು ಟ್ರೇ ಸಮೇತ ಒಳಕ್ಕೆ ತಿರುಗಿದಳು.

ಅತ್ತೆ ಅವಳನ್ನು ನೋಡಿದರು. ಆಮೇಲೆ ಗೋಡೆಯನ್ನು.

“ಸುಳ್ಳು ಕಣ್ರೀ. ನಮ್ಮ ಯಜಮಾನ್ರು ಗಂಡಸಿ ಸಂತೇಲಿ ಬಾಚಣಿಗೆ ಜೊತೆ ತಂದಿದ್ದು. ನಮ್ಮೋರು ಕಾಯಿ ಸುಲ್ಕಂಡಿದ್ದೋರು. ರಾಜ್ರು ನಿಮ್ಮೋರೇ, ಮಡಿಕ್ಕಳಿ.”

ಅಷ್ಟು ವರ್ಷ ಆಳಿದ ರಾಜ್ಯವನ್ನು ಅತ್ತೆ ಒಂದೇ ಉಸಿರಿಗೆ ಬಿಟ್ಟುಕೊಟ್ಟರು. ಇಡೀ ರಾಜವಂಶ ತಮಗೇ ದಕ್ಕಿದ್ದರಿಂದ ದೊಡ್ಡಪ್ಪನಿಗೆ ಧಾರಾಳತನ ಬಂತು. ಇನ್ನೊಂದು ಸೌಟು ಕೇಸರಿಬಾತ್ ಹಾಕಿಸಿಕೊಂಡು ಹೂಂ ಅಂದರು. ಕಾಯಿ ಸುಲಿಯುವವರಾದರೇನು, ಜನ ಒಳ್ಳೆಯವರು ಎಂದು ನಮಗೇ ಸಮಾಧಾನವನ್ನೂ ಹೇಳಿದರು.

ಅವರು ಹೋದ ಮೇಲೆ, ಬಾಚಣಿಗೆಯ ಕಥೆ ನಿಜವಾ ಎಂದು ಅತ್ತೆಯನ್ನು ಕೇಳಿದೆ. ಯಾವ ಸಂತೆಯೂ ಇಲ್ಲ, ತಾನು ಮದುವೆಯಾಗಿ ಬಂದಾಗಲೇ ಪಟ ಗೋಡೆಯಲ್ಲಿತ್ತು ಎಂದರು.

“ಈಗ ರಾಜ್ರ ಮನೆಗೇ ಹೆಣ್ಣು ಕೊಡ್ತಾ ಇದೀವಲ್ಲೇ. ಏನ್ ಕಮ್ಮಿ ಆಯ್ತು?”

ರಾತ್ರಿಗೆ ಮುದ್ದೆ, ಅವರೆಕಾಳಿನ ಸಾರು. ಮಿಕ್ಕ ಕೇಸರಿಬಾತನ್ನು ಅತ್ತೆ ಯಾರನ್ನೂ ಕೇಳದೆ ಮುಗಿಸಿದರು. ಮೊದಲು ಮಲಗಿದ್ದು ಮಗಳು, ರೇಷ್ಮೆ ಸೀರೆಯಲ್ಲೇ.