ಯಾವ ಅಡುಗೆಮನೆಗೂ ಸೇರದ ಬಟ್ಟಲು

ಮೊನ್ನೆ ಭಾನುವಾರ ಪುಸ್ತಕದ ಕಪಾಟನ್ನು ಒರೆಸುತ್ತಿದ್ದೆ. ಹಿತ್ತಿಲ ಗೋಡೆಯಾಚೆಯ ಮನೆಯ ಚಂದನ ಬಂದು ಬಾಗಿಲಲ್ಲಿ ನಿಂತಳು. ನಂಜನಗೂಡಿನ ಕಾಲೇಜಿನಲ್ಲಿ ಓದುತ್ತಿರುವ ಹುಡುಗಿ. ಸುತ್ತಿ ಬಳಸಿ ಮಾತಾಡುವವಳಲ್ಲ.

"ಮಾವ, ಆ ಕಪ್ ಕೊಡಿ. ಮೊಟ್ಟೆ ನೋಡ್ಬೇಕು" ಎಂದಳು.

ಅವಳು ಕೇಳಿದ್ದು ನನ್ನ ಕಾಲೇಜು ದಿನಗಳ ಏಕಮಾತ್ರ ಕೀರ್ತಿಸ್ತಂಭವನ್ನು. ಚರ್ಚಾಸ್ಪರ್ಧೆಯಲ್ಲಿ ಮೊದಲ ಸ್ಥಾನಕ್ಕೆಂದು ಕೊಟ್ಟ ಬಟ್ಟಲದು. ಬೆಳ್ಳಿಯ ಬಣ್ಣ ಎಂದೋ ಬಿಟ್ಟುಹೋಗಿದೆ, ಎರಡು ಕಿವಿಗಳಲ್ಲಿ ಒಂದು ಮುರಿದಿದೆ, ಒಳಗೋಡೆಯ ತುಂಬ ಸೂಜಿಯಿಂದ ಗೀಚಿದಂತಹ ಗೆರೆಗಳಿವೆ. ಮೂಗಿನ ಹತ್ತಿರ ತಂದರೆ ಇವತ್ತಿಗೂ ನೆನೆದ ನುಚ್ಚಿನ ವಾಸನೆ ಬರುತ್ತದೆ. ಆ ವಾಸನೆ ಬಟ್ಟಲಿನಲ್ಲಿದೆಯೋ ನನ್ನ ತಲೆಯಲ್ಲಿದೆಯೋ ಎಂಬ ವಿಷಯದಲ್ಲಿ ನನಗೂ ನನ್ನ ಹೆಂಡತಿಗೂ ಬಹುಕಾಲದ ಭಿನ್ನಾಭಿಪ್ರಾಯವಿದೆ.

ನಮ್ಮೂರು ತಗಡೂರು. ಸ್ವಾತಂತ್ರ್ಯದ ಚಳವಳಿಯಲ್ಲಿ ಹೆಸರು ಮಾಡಿದ ಊರಾದ್ದರಿಂದ, ಇಲ್ಲಿ ಹುಟ್ಟಿದವನಿಗೆ ಏನನ್ನಾದರೂ ಸುಧಾರಿಸದೆ ಮಧ್ಯಾಹ್ನದ ಊಟ ಜೀರ್ಣವಾಗುವುದಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಪದವಿ ಮುಗಿಸಿ ಊರಿಗೆ ಬಂದವನು ಸಮಾನತೆಯ ಮೇಲೆ ಒಂದೆರಡು ಭಾಷಣಗಳನ್ನೂ ಮಾಡಿದ್ದೆ. ಊರವರು ತಲೆದೂಗಿ ಕೇಳಿ, ಎದ್ದು, ತಂತಮ್ಮ ಬೀದಿಗಳಿಗೇ ಹೋಗಿದ್ದರು. ಇನ್ನು ಆ ಬಟ್ಟಲು ನನಗೆ ದೊರೆತದ್ದು, ಆಹಾರದ ಆಯ್ಕೆ ವ್ಯಕ್ತಿಯ ಸ್ವಾತಂತ್ರ್ಯ ಎಂಬ ವಿಷಯದ ಪರವಾಗಿ ಮಾತಾಡಿದ್ದಕ್ಕೆ. ಅಂದು ಸಭಿಕರನ್ನು ಮರುಳುಮಾಡಿದ ಆ ವಾಗ್ಮಿ ಅದುವರೆಗೆ ಒಂದು ಮೊಟ್ಟೆಯನ್ನು ಕೈಯಲ್ಲಿ ಹಿಡಿದು ಕೂಡ ನೋಡಿರಲಿಲ್ಲ. ನಮ್ಮದು ಎರಡು ಹೊತ್ತೂ ಲಿಂಗಪೂಜೆ ನಡೆಯುವ ಮನೆ. ಅಜ್ಜಿಯಂತೂ 'ಮೊಟ್ಟೆ' ಎಂಬ ಪದವನ್ನೇ ನಾಲಿಗೆಯ ಮೇಲೆ ತರುತ್ತಿರಲಿಲ್ಲ. ತೀರಾ ಅನಿವಾರ್ಯವಾದರೆ 'ಅವು' ಎನ್ನುತ್ತಿದ್ದಳು.

ಅಂಥ ಮನೆಯ ಹಿತ್ತಿಲ ಜಗಲಿಯಲ್ಲಿ, ನನ್ನ ಚರ್ಚೆಯ ಟಿಪ್ಪಣಿಗಳನ್ನು ತುಂಬಿಟ್ಟಿದ್ದ ಮರದ ಪೆಟ್ಟಿಗೆಯಲ್ಲಿ, ಒಂದು ಕಂದು ಹೇಂಟೆ ಕಾವಿಗೆ ಕೂತುಬಿಟ್ಟಿತು. ಗೋಡೆಯಾಚೆಯ ಸಿದ್ದಮ್ಮನ ಕೋಳಿ. ಯಾವಾಗ ಬರುತ್ತಿತ್ತೋ, ಯಾವಾಗ ಇಡುತ್ತಿತ್ತೋ, ನಮಗೆ ಗೊತ್ತಾಗುವ ಹೊತ್ತಿಗೆ ಪೆಟ್ಟಿಗೆಯ ತಳ ತುಂಬಿತ್ತು. ಪರವಾದ ವಾದಗಳನ್ನೂ ವಿರೋಧದ ವಾದಗಳನ್ನೂ ಅದು ನಿಷ್ಪಕ್ಷಪಾತವಾಗಿ ಕೆದಕಿ ಹಾಸಿಗೆ ಮಾಡಿಕೊಂಡಿತ್ತು. ಬೆಚ್ಚಗಿರುವ ವಿಷಯದಲ್ಲಿ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲವೆಂದು ಕಾಣುತ್ತದೆ.

ಅಪ್ಪ ಉದ್ದನೆಯ ಕೋಲು ತಂದರು. ಅಜ್ಜಿ ಕೋಲಿನ ಇನ್ನೊಂದು ತುದಿ ಹಿಡಿದುಕೊಂಡಳು.

"ಕಾವಿಗೆ ಕೂತೋಳ್ನ ಎಬ್ಬಿಸ್ಬಾರ್ದು ಕಣೋ. ಬಸುರಿ ಬಾಣಂತೀನ ಯಾರಾರ ಆಚೆಗ್ ಆಕ್ತಾರಾ?"

ಹಾಗೆ ಹೇಂಟೆಗೆ ನಮ್ಮ ಮನೆಯಲ್ಲಿ ಬಾಣಂತನ ಗೊತ್ತಾಯಿತು. ಆದರೆ ದಿನಕ್ಕೊಮ್ಮೆ ಅದನ್ನು ಎತ್ತಿ ಕಾಳು ನೀರು ತೋರಿಸಬೇಕಲ್ಲ, ನಮ್ಮಲ್ಲಿ ಮುಟ್ಟುವವರಿಲ್ಲ. ಸಿದ್ದಮ್ಮ ಗೋಡೆಯಾಚೆಯೇ ನಿಂತು, ತಾನು ಒಳಕ್ಕೆ ಬರಬಹುದೇ ಎಂದು ಕೇಳಿದಳು. ವರ್ಷಾನುಗಟ್ಟಲೆ ಆ ಗೋಡೆಯ ಮೇಲಿಂದ ಸೊಪ್ಪು ಈಚೆಗೆ ಬಂದಿತ್ತು, ಮಜ್ಜಿಗೆ ಆಚೆಗೆ ಹೋಗಿತ್ತು. ಮನುಷ್ಯರು ಮಾತ್ರ ದಾಟಿರಲಿಲ್ಲ.

"ಮತ್ತೆ ನಾನ್ ಇಡ್ಕೊಳ್ಳದಾ ನಿನ್ ಕೋಳೀನ?" ಎಂದಳು ಅಜ್ಜಿ.

ನನ್ನ ಭಾಷಣಗಳಿಗೆ ಸಿಕ್ಕದ ಫಲ ಕೋಳಿಯ ಹಸಿವೆಗೆ ಸಿಕ್ಕಿತು. ನನಗೆ ಕೊಂಚ ಅಸೂಯೆಯಾದದ್ದು ನಿಜ.

ಮರಿ ಒಡೆಯುವ ದಿನ ಹತ್ತಿರವಾದಾಗ ಸಿದ್ದಮ್ಮ ಉಗುರುಬೆಚ್ಚಗಿನ ನೀರು ಕೇಳಿದಳು. ನೀರಿನಲ್ಲಿ ತೇಲಿಬಿಟ್ಟರೆ ಜೀವವಿರುವುದು ಅಲುಗುತ್ತದಂತೆ. ನೀರೇನೋ ಒಲೆಯ ಮೇಲಿತ್ತು, ಪಾತ್ರೆ ಯಾವುದು? ನಮ್ಮ ಪಾತ್ರೆಯಲ್ಲಿ 'ಅವನ್ನು' ಇಡುವಂತಿಲ್ಲ. ಸಿದ್ದಮ್ಮ ಮನೆಗೆ ಹೋಗಿ ಪಾತ್ರೆ ತರುವಷ್ಟರಲ್ಲಿ ಕಾವು ಆರಿಹೋಗುತ್ತದೆ. ಆಗ ನಾನು ಒಳಗೋಡಿ ಬಹುಮಾನದ ಬಟ್ಟಲು ತಂದೆ. ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದ್ರಲ್ಲಿ ಯಾರೂ ಉಂಡಿಲ್ವಲ್ಲ?"

ಇಲ್ಲವೆಂದೆ.

"ಉಣ್ಣದೂ ಇಲ್ಲ?"

ಇಲ್ಲವೆಂದೆ.

"ಮತ್ತಿನ್ಯಾಕೆ ಕೊಟ್ರು ಇದ್ನ ನಿಂಗೆ?"

ಈ ಪ್ರಶ್ನೆಗೆ ನಾನು ಇಂದಿಗೂ ಉತ್ತರ ಸಿದ್ಧಪಡಿಸುತ್ತಿದ್ದೇನೆ.

ಸಿದ್ದಮ್ಮ ಮೊದಲ ಮೊಟ್ಟೆಯನ್ನು ಬಟ್ಟಲಿನ ನೀರಿಗೆ ಬಿಟ್ಟಳು. ಅದು ತೇಲಿ, ಸ್ವಲ್ಪ ಹೊರಳಿ, ನಿಂತಿತು. ನಾವೂ ನಿಂತೆವು. ಆಮೇಲೆ, ಯಾರೂ ಮುಟ್ಟದೆ, ಗಾಳಿಯೂ ಬೀಸದೆ, ತನ್ನಷ್ಟಕ್ಕೆ ತಾನೇ ಅದು ನಡುಗಿತು; ಅದರ ಸುತ್ತ ನೀರಿನಲ್ಲಿ ಸಣ್ಣ ಸಣ್ಣ ಉಂಗುರಗಳೆದ್ದವು. ಒಳಗಿಂದ ಒದೆಯುತ್ತಿದೆ ಎಂದಳು ಸಿದ್ದಮ್ಮ. ಅದುವರೆಗೆ ಮುಖ ತಿರುಗಿಸಿ ಕೂತಿದ್ದ ಅಜ್ಜಿ ಯಾವಾಗ ಬಗ್ಗಿದಳೋ ತಿಳಿಯದು. ಅವಳ ಮೂಗು ಬಟ್ಟಲಿನ ಅಂಚಿಗೆ ಬಂದಿತ್ತು. ಅಲುಗದ ಒಂದನ್ನು ಸಿದ್ದಮ್ಮ ಪಕ್ಕಕ್ಕಿಟ್ಟಾಗ, ಇನ್ನೊಂದು ಸಲ ಬಿಟ್ಟು ನೋಡೆಂದು ಒತ್ತಾಯಿಸಿದವಳೂ ಅವಳೇ.

ಮರಿಗಳಾದವು. ನಮ್ಮ ಕಡೆ ಕಾವು ಕೂತ ಮನೆಗೆ ಅರ್ಧ ಪಾಲು. ಸಿದ್ದಮ್ಮ ರೂಢಿಯಂತೆ ಅರ್ಧ ಮರಿಗಳನ್ನು ಮಂಕರಿಯಲ್ಲಿ ತಂದಿಟ್ಟಳು. ನಮಗೇಕೆ ಇವು ಎಂದರು ಅಪ್ಪ. ನ್ಯಾಯವಾದ ಪಾಲನ್ನು ನಿರಾಕರಿಸುವುದು ಸಮಾನತೆಯನ್ನೇ ನಿರಾಕರಿಸುವ ಸೂಕ್ಷ್ಮ ವಿಧಾನವೆಂದು ನಾನು ಆರಂಭಿಸಿದೆ. ಅಪ್ಪ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಹೊಲಕ್ಕೆ ಹೋದರು. ಎದುರಾಳಿ ಸಭಾತ್ಯಾಗ ಮಾಡಿದ್ದರಿಂದ ನಾನೇ ಗೆದ್ದಂತಾಯಿತು.

ಗೆದ್ದ ಮೇಲೆ ತಿಳಿಯಿತು, ನೋಡಿ, ಕಷ್ಟ. ಬೇರೆ ಮನೆಗಳಲ್ಲಿ ಕೋಳಿ ಸಾಕಣೆಗೆ ಒಂದು ಕೊನೆಯಿರುತ್ತದೆ. ನಮ್ಮಲ್ಲಿ ತಿನ್ನುವಂತಿಲ್ಲ, ಮಾರಿದರೆ ಕೊಂಡವರು ತಿನ್ನುತ್ತಾರೆ, ದಾನ ಕೊಟ್ಟರೂ ಅಷ್ಟೇ. ಹೀಗಾಗಿ ಅವು ಪಿಂಚಣಿದಾರರಂತೆ ನಿಶ್ಚಿಂತೆಯಿಂದ ಹಿತ್ತಿಲಲ್ಲಿ ಅಡ್ಡಾಡುತ್ತ, ನನ್ನ ಬಟ್ಟಲಿನಲ್ಲಿ ನೆನೆದ ನುಚ್ಚನ್ನು ತಿಂದು, ಅದರೊಳಗೆಲ್ಲ ಕೊಕ್ಕಿನಿಂದ ಸಹಿ ಹಾಕಿದವು.

ಆ ವರ್ಷವೇ ಊರಿಗೆ ಕೋಳಿರೋಗ ಬಂತು. ಸಿದ್ದಮ್ಮನ ಗೂಡು ಬರಿದಾಯಿತು, ಸುತ್ತಲಿನ ಹಳ್ಳಿಗಳ ಗೂಡುಗಳೂ ಬರಿದಾದವು. ನಮ್ಮಲ್ಲಿ ಉಳಿದದ್ದು ಕೆಂಪು ಜುಟ್ಟಿನ ಒಂದೇ ಹುಂಜ. ನುಗ್ಗೆಮರದ ಮೇಲೆ ಮಲಗಿ, ನಸುಕಿಗೆ ಮೊದಲು ಕೂಗಿ ಅಜ್ಜಿಯನ್ನು ಪೂಜೆಗೆ ಎಬ್ಬಿಸುತ್ತಿತ್ತು. ಅದಕ್ಕೇ ಅವಳು ಅದನ್ನು ಪೂಜಾರಪ್ಪ ಎಂದು ಕರೆಯುತ್ತಿದ್ದಳು. ಅವಳು ಬಂದರೆ ಮರದಿಂದ ಇಳಿದು ಬರುತ್ತಿತ್ತು. ನಾನು ಕರೆದರೆ ನನ್ನ ವಿದ್ಯಾರ್ಹತೆಯನ್ನು ಅನುಮಾನಿಸುವಂತೆ ಕತ್ತು ಓರೆಮಾಡುತ್ತಿತ್ತು.

ಅಷ್ಟರಲ್ಲಿ ಸಿದ್ದಮ್ಮನ ಮಗಳು ಮಾದೇವಿ ಗಂಡನ ಊರಾದ ಸೋಮನಾಥಪುರದಿಂದ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಕೂಸಾಯಿತು. ಅವರಲ್ಲಿ ಬಾಣಂತಿಗೆ ನಾಟಿಕೋಳಿಯ ಮೆಣಸಿನ ಸಾರು ಆಗಲೇಬೇಕು. ಫಾರಂ ಕೋಳಿ ಆ ಲೆಕ್ಕಕ್ಕಿಲ್ಲ. ಮಾದೇವಿ ಸೊರಗಿದ್ದಳು, ಕೂಸಿಗೆ ಹಾಲು ಸಾಲುತ್ತಿರಲಿಲ್ಲ. ಸಿದ್ದಮ್ಮ ಗೋಡೆಯ ಹತ್ತಿರ ನಿಂತು ಮಳೆಯ ವಿಷಯ ಮಾತಾಡಿದಳು, ನನ್ನ ಕೆಲಸದ ವಿಷಯ ಕೇಳಿದಳು. ಎಲ್ಲ ಕಡೆ ನೋಡಿದಳು, ನುಗ್ಗೆಮರವೊಂದನ್ನು ಬಿಟ್ಟು.

ನನಗೆ ಅರ್ಥವಾಯಿತು. ಆಹಾರ ಸ್ವಾತಂತ್ರ್ಯದ ಪರವಾಗಿ ಬಹುಮಾನ ಪಡೆದವನ ಬಾಯಿಗೆ ವಿರೋಧದ ಅಂಶಗಳೆಲ್ಲ ಸಾಲುಗಟ್ಟಿ ಬಂದವು. ಕೊನೆಗೆ ಉಭಯಪಕ್ಷಗಳಿಗೂ ಒಪ್ಪಿಗೆಯಾಗುವ ಪರಿಹಾರವೊಂದನ್ನು ಅಜ್ಜಿಯ ಮುಂದಿಟ್ಟೆ: ನಾಳೆಯೇ ತಿ. ನರಸೀಪುರದ ಕಡೆಗೆ ಬಸ್ಸು ಹತ್ತಿ ಹೋಗುತ್ತೇನೆ, ರೋಗ ಬಾರದ ಊರಿನ ಒಳ್ಳೆಯ ಹುಂಜವೊಂದನ್ನು ತಂದು ಸಿದ್ದಮ್ಮನಿಗೆ ಕೊಡುತ್ತೇನೆ.

ಅಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮೊರದಿಂದ ತಲೆಯೆತ್ತಲಿಲ್ಲ.

"ಅದುಕ್ಕೂ ಅಲ್ಲೊಬ್ಬಳು ಅಜ್ಜಿ ನುಚ್ಚು ಆಕಿರ್ತಾಳಲ್ವಾ ಮಗಾ? ಅದುಕ್ಕೂ ಒಂದ್ ಎಸ್ರಿಟ್ಟು ಕರೀತಿರ್ತಾಳೆ."

ಖಂಡನೆಗೆ ಸಮಯ ಕೊಡುವುದು ಚರ್ಚೆಯ ನಿಯಮ. ಅಜ್ಜಿ ಬೇಕಾದಷ್ಟು ಸಮಯ ಕೊಟ್ಟಳು. ನಾನು ಅದನ್ನು ಅಕ್ಕಿಯ ಕಲ್ಲು ಆರಿಸಲು ಬಳಸಿಕೊಂಡೆ.

ಸಂಜೆ ಅವಳು ಬಟ್ಟಲಿಗೆ ಹೊಸ ನೀರು ತುಂಬಿ, ನುಚ್ಚು ಹಾಕಿ, ಹುಂಜ ತಿಂದು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ಕೂತಳು. ಆಮೇಲೆ ಬಗ್ಗಿ ಅದನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಜೀವಮಾನದಲ್ಲಿ ಮೊದಲ ಸಲ. ಅದು ರೆಕ್ಕೆ ಬಡಿಯಲಿಲ್ಲ. ಗೋಡೆಯ ಹತ್ತಿರ ಹೋಗಿ ಕರೆದಳು.

"ತಗೋ ಸಿದ್ದಮ್ಮ. ಕೂಸಿಗೆ ಆಲಾಗ್ಲಿ."

ಸಿದ್ದಮ್ಮನ ಕೈ ಮುಂದೆ ಬರಲಿಲ್ಲ. "ಅವ್ವಾ, ಪೂಜಾರಪ್ಪ ಅಲ್ವಾ ಇದು..."

"ಪೂಜೆ ನಾನೇ ಮಾಡ್ಕೋತೀನಿ. ಇಡ್ಕೋ."

ಅಂದು ಗೋಡೆಯ ಮೇಲಿಂದ ಮೆಣಸು ಕೊತ್ತಂಬರಿಯ ಘಮಲು ಬಂತು. ಅಪ್ಪ ಕಿಟಕಿ ಮುಚ್ಚಲು ಎದ್ದರು. ತೆಗೆದಿರಲಿ ಎಂದಳು ಅಜ್ಜಿ. ಮರುದಿನ ಬಿಸಿಲು ಅಂಗಳಕ್ಕೆ ಬಂದ ಮೇಲೆ ಎದ್ದಳು. ಪೂಜೆ ತಡವಾಯಿತು, ಊಟ ಇನ್ನೂ ತಡವಾಯಿತು. ನುಚ್ಚಿನ ಬಟ್ಟಲನ್ನು ಅವಳೇ ತೊಳೆದು ಕವುಚಿಟ್ಟಳು.

ಕೆಲವು ದಿನ ಹೀಗೇ ಕಳೆಯಿತು. ಆಮೇಲೊಂದು ನಸುಕಿನಲ್ಲಿ ಗೋಡೆಯಾಚೆಯಿಂದ ಕೂಸಿನ ಅಳು ಕೇಳಿಸಿತು. ಹಿಂದಿನ ಸೊರಗಿದ ಅಳುವಲ್ಲ. ಹೊಟ್ಟೆ ತುಂಬ ಹಾಲು ಕುಡಿದ ಕೂಸು ಇನ್ನೂ ಬೇಕೆಂದು ಇಡೀ ಬೀದಿಗೆ ಹುಕುಂ ಹೊರಡಿಸುವ ಅಳು. ಅಜ್ಜಿ ಚಾಪೆಯ ಮೇಲೆ ಎದ್ದು ಕೂತಳು.

"ಉಂಜ ಕೂಗ್ತು, ಏಳ್ರೋ."

ಅವಳ ಪೂಜೆ ಮತ್ತೆ ಹೊತ್ತಿಗೆ ಸರಿಯಾಯಿತು. ಒಂದು ಮಧ್ಯಾಹ್ನ, ಕೂಸನ್ನು ನೋಡಲೆಂದು ಬೀದಿ ಸುತ್ತಿಕೊಂಡು ಸಿದ್ದಮ್ಮನ ಮನೆಗೂ ಹೋಗಿ ಬಂದಳು. ಅಲ್ಲಿ ನೀರು ಕುಡಿದೆಯಾ ಎಂದು ಅಪ್ಪ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಜ್ಜಿ ಈಗಿಲ್ಲ. ಆ ಕೂಸೇ ಮೊನ್ನೆ ಬಾಗಿಲಲ್ಲಿ ನಿಂತು ಕಪ್ ಕೇಳಿದ ಚಂದನ; ಓದಿಗೆಂದು ಸಿದ್ದಮ್ಮನ ಮನೆಯಲ್ಲೇ ಇದ್ದಾಳೆ. ಮನೆಯಲ್ಲಿ ಪಾತ್ರೆಗಳಿಲ್ಲವೇ ಎಂದು ಕೇಳಿದೆ. ಇದರಲ್ಲೇ ನೋಡಬೇಕೆಂದು ತನ್ನ ಅಜ್ಜಿ ಹೇಳಿದ್ದಾಳೆಂದಳು. ನಾನೂ ಹಿಂದೆಯೇ ಹೋದೆ. ಗೋಡೆಯಲ್ಲಿ ಈಗ ಓಡಾಡುವಷ್ಟು ಜಾಗವಿದೆ. ಚಂದನ ಮೊಟ್ಟೆಯನ್ನು ನೀರಿಗೆ ಬಿಟ್ಟಳು. ಸಿದ್ದಮ್ಮ ಕಣ್ಣು ಕಿರಿದು ಮಾಡಿದಳು. ಮೂವರೂ ಬಟ್ಟಲಿನ ಮೇಲೆ ಬಗ್ಗಿದೆವು. ಉಂಗುರಗಳೆದ್ದವು. ನಮ್ಮ ಮನೆಯಲ್ಲಿ ಇಂದಿಗೂ ಮೊಟ್ಟೆ ಬೇಯುವುದಿಲ್ಲ, ಆದರೆ ಆ ಮೊಟ್ಟೆಯನ್ನು ಒರೆಸಿ ಹೇಂಟೆಯ ಕೆಳಗಿಟ್ಟವನು ನಾನು.

ಬಟ್ಟಲು ಇನ್ನೂ ವಾಪಸು ಬಂದಿಲ್ಲ. ನಾನು ಕೇಳಿಯೂ ಇಲ್ಲ. ಈ ವರ್ಷ ಚಂದನ ಕಾಲೇಜಿನ ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಿದ್ದಾಳಂತೆ. ಇವತ್ತು, ಇನ್ನೂ ಬೆಳಕು ಹರಿಯುವ ಮೊದಲೇ, ಅವರ ತಾರಸಿಯ ಮೇಲಿಂದ ಜೋರು ದನಿಯೊಂದು ಮಾನ್ಯ ಅಧ್ಯಕ್ಷರನ್ನು ಸಂಬೋಧಿಸಿತು. ಇಷ್ಟು ಹೊತ್ತಿಗೆ ಏನ್ರೀ ಅದು ಗಲಾಟೆ ಎಂದು ನನ್ನ ಹೆಂಡತಿ ಮಗ್ಗುಲಾದಳು.

ನಾನು ಹೊದಿಕೆ ಮಡಿಸಿಟ್ಟೆ.

"ಉಂಜ ಕೂಗ್ತು, ಏಳು" ಎಂದೆ.