ದನಿ ನಂಬಬೇಡಿ ಎಂದವಳು

ಗಂಗಾವತಿಯ ಆ ಓಣಿಗೆ ಬೆಳಗಾಗುವುದು ಅಕ್ಕಿ ಗಿರಣಿಯ ಸದ್ದಿನಿಂದ. ಮೊದಲೊಂದು ಗೊಗ್ಗರು ಕೆಮ್ಮು, ಆಮೇಲೆ ಸಂಜೆವರೆಗೂ ಬಿಡದ ಗರಗರ. ಗಿರಣಿಯಲ್ಲಿ ಚೀಲ ತೂಗುವ ಓಬಳೆಪ್ಪನ ಮಗಳು ಸುರೇಖಾ ಆ ಸದ್ದಿನಲ್ಲೇ ಬಿ.ಕಾಂ. ಓದಿದಳು. ಈಗ ಊರಿನದೇ ಒಂದು ಸಣ್ಣ ಬ್ಯಾಂಕಿನಲ್ಲಿ ಮೋಸ ತಡೆಯುವ ಕೆಲಸ ಅವಳದು.

ಮೊದಲೆಲ್ಲ ಸಹಿ ಹೋಲಿಸಿ ನೋಡಿದರೆ ಆಗುತ್ತಿತ್ತು. ಈಗ ಎಲ್ಲ ಖಾತೆಗಳನ್ನೂ ಎಐ ಕಾಯುತ್ತದೆ. ಅನುಮಾನ ಬಂದರೆ ಖಾತೆಯನ್ನು ತಡೆದು ಅವಳ ಪರದೆಗೆ ಕೆಂಪು ಗುರುತು ಕಳಿಸುತ್ತದೆ. ಖಾತೆದಾರರೊಡನೆ ಮಾತಾಡಿ, ತಡೆ ತೆಗೆಯಬೇಕೋ ಬೇಡವೋ ಅವಳು ಹೇಳಬೇಕು.

ಆ ದಿನ ಕೆಂಪಾದದ್ದು ಮುದಕಮ್ಮನ ಖಾತೆ. ನೆಲ್ಲು ನಾಟಿಯ ಗುಂಪಿಗೆ ಆಕೆ ಹಿರಿಯಳು. ಗದ್ದೆಯವರು ಇಡೀ ಗುಂಪಿನ ಕೂಲಿಯನ್ನು ಆಕೆಯ ಖಾತೆಗೇ ಹಾಕುತ್ತಾರೆ. ಆಕೆ ಅದೇ ದಿನ ಹೆಂಗಸರಿಗೆಲ್ಲ ಹಂಚುತ್ತಾಳೆ. ಕಳ್ಳರು ಬಾಡಿಗೆಗೆ ಹಿಡಿದ ಖಾತೆಯ ನಡೆಯೂ ಹೀಗೇ ಇರುತ್ತದೆ, ಬಂದ ದುಡ್ಡು ನಿಲ್ಲದೆ ಹಲವರಿಗೆ ಹರಿದುಹೋಗುತ್ತದೆ. ಯಂತ್ರವನ್ನು ಬೈಯುವಂತಿರಲಿಲ್ಲ. ಆದರೆ ಮರುದಿನ ಸಂತೆ. ಅಷ್ಟರೊಳಗೆ ಕೂಲಿ ಕೈಸೇರದಿದ್ದರೆ ಹೆಂಗಸರು ಬೇರೆ ಗುಂಪು ಹಿಡಿಯುತ್ತಾರೆ. ಮುದಕಮ್ಮನ ಹಿರೇತನ ಅಲ್ಲಿಗೆ ಮುಗಿಯಿತು.

ಸುರೇಖಾ ಫೋನ್ ಹಚ್ಚಿದಳು. "ದೊಡ್ಡವ್ವ, ನಾನು ಬ್ಯಾಂಕಿನ ಸುರೇಖಾ..."

ಕಟ್ಟಾಯಿತು. ಮತ್ತೆ ಹಚ್ಚಿದಳು. ಮತ್ತೆ ಕಟ್.

ಆಗ ನೆನಪಾಯಿತು. ಹೋದ ತಿಂಗಳು ಮುದಕಮ್ಮನ ಹಳ್ಳಿಯ ಕಟ್ಟೆಯ ಮುಂದೆ ನಿಂತು ತಾನೇ ಹೇಳಿದ್ದಳು: "ಈಗ ಯಾರ ದನಿ ಬೇಕಾದ್ರೂ ಯಂತ್ರದಾಗ ಮಾಡ್ತಾರ. ನನ್ನ ದನೀನ ಬಂದ್ರೂ ನಂಬಬ್ಯಾಡ್ರಿ, ಕಟ್ ಮಾಡ್ರಿ."

ಮಾತು ಕೇಳಿದವರನ್ನು ದೂರುವುದು ಹೇಗೆ? ಸ್ಕೂಟಿ ಹತ್ತಿದಳು.

ಗದ್ದೆಯಲ್ಲಿ ಮುದಕಮ್ಮ ಸೊಂಟ ನೆಟ್ಟಗೆ ಮಾಡಿ, ಹೆಮ್ಮೆಯಿಂದಲೇ ಹೇಳಿದಳು: "ಛಲೋ ಆತು ಬಂದಿ ನೋಡವ್ವ. ಯಾವಾಕಿನೋ ಮುಂಜಾನಿಂದ ನಿನ್ನ ದನಿ ಮಾಡಿ ಫೋನ್ ಹಚ್ಚಾಕತ್ತಾಳ. ನಾ ಬಿಡ್ತೀನೇನು? ಕಟ್ ಮಾಡಿ ಒಗದೆ."

"ದೊಡ್ಡವ್ವ, ಅದು ನಾನ."

ಗದ್ದೆಯೆಲ್ಲ ನಗೆ. ಗುಂಪಿನ ಮಾಶಾಬಿ ಕೆಸರುಗೈ ಎತ್ತಿ, "ಈಕಿನಾರ ಖರೇ ಸುರೇಖಾ ಅದಾಳೇನು, ಒಂದ ಸಲ ಚಿವುಟಿ ನೋಡ!" ಎಂದಳು.

ಸುರೇಖಾಳೂ ನಕ್ಕಳು. ಆದರೂ ಕೇಳಬೇಕಾದದ್ದನ್ನು ಕೇಳಿದಳು: ದುಡ್ಡು ಹಾಕಿದವರು ಯಾರು, ಖಾತೆಯನ್ನು ಬೇರೆ ಯಾರ ಕೈಗಾದರೂ ಕೊಟ್ಟಿದ್ದುಂಟೇ. ಕಳ್ಳರು ಹುಡುಕುವುದು ಇಂಥ ಅಮಾಯಕರ ಖಾತೆಗಳನ್ನೇ. ಗದ್ದೆಯ ಒಡೆಯ ಯಂಕೋಬ ಬದುವಿನ ಮೇಲಿಂದ, "ನಾನ ಹಾಕೀನ್ರಿ ಮೇಡಂ" ಎಂದ. ಅವಳು ಫೋನಿನಲ್ಲೇ ಬ್ಯಾಂಕಿನ ಪುಟ ತೆರೆದಳು. ಆರಿಸಲು ಕೊಟ್ಟ ಕಾರಣಗಳಲ್ಲಿ ವ್ಯಾಪಾರ ಇತ್ತು, ಬಾಡಿಗೆ ಇತ್ತು; ನಾಟಿ ಇರಲಿಲ್ಲ. 'ಇತರೆ' ಒತ್ತಿ ಬರೆದಳು: ನಾಟಿ ಗುಂಪಿನ ಕೂಲಿ, ಗದ್ದೆಗೆ ಹೋಗಿ ನೋಡಿದ್ದೇನೆ. ತಡೆ ತೆರವಾಯಿತು.

ಮುದಕಮ್ಮನ ಮುಖ ಮಾತ್ರ ತಿಳಿಯಾಗಲಿಲ್ಲ. "ಮುಂದಿನ ಸಲ ಫೋನ್ ಬಂದ್ರ, ನೀನ ಅಂತ ಹೆಂಗ ತಿಳೀಲಿ ಯವ್ವಾ?"

ಸುರೇಖಾ ಗುರುತಿಗೊಂದು ಗುಟ್ಟಿನ ಮಾತು ಇಟ್ಟುಕೊಳ್ಳೋಣ ಎನ್ನಬಹುದಿತ್ತು. ಇಷ್ಟು ಮಂದಿ ಕಿವಿಗೊಟ್ಟ ಗದ್ದೆಯಲ್ಲಿ ಗುಟ್ಟು ಉಳಿದೀತೇ? ಅಷ್ಟರಲ್ಲಿ ಅವಳ ಫೋನಿಗೆ ಇನ್ನೊಂದು ಕೆಂಪು ಗುರುತು ಬಂತು. ಹನುಮನಹಳ್ಳಿಯಲ್ಲಿ ಎಳನೀರು ಮಾರುವ ಹುಲಿಗೇಶನ ಖಾತೆಗೆ ಎಲ್ಲೆಲ್ಲಿಯವರಿಂದಲೋ ದುಡ್ಡು. ಆ ಊರಿನಲ್ಲೂ ಅವಳು ಅದೇ ಮಾತು ಹೇಳಿ ಬಂದಿದ್ದಳು.

"ನೀ ಕಟ್ ಮಾಡಕೋಂತನ ಇರು ದೊಡ್ಡವ್ವ," ಎಂದು ಬದು ಹಿಡಿದಳು. ನಡೆಯುತ್ತಲೇ ತಿರುಗಿ ಕೂಗಿದಳು: "ನಾ ಫೋನ್ ನಂಬಿ ಕುಂದ್ರಂಗಿಲ್ಲ, ನಾನ ಬರ್ತೀನಿ, ಬಂದು ಮೊದಲ ನಿನ್ನ ಮುಂದ ನಿಂತು, ಆಮ್ಯಾಲ ಮಾತಾಡ್ತೀನಿ!"